ಅಣ್ಣ ಕುಡಿದ ಕಷಾಯ

ಕುದಿಸಿ ಕೊಡು ಎಂದು ಅಣ್ಣ ನನ್ನ ಕೈಗೆ ಕೊಟ್ಟ ಔಷಧಿಯನ್ನು ನಾನು ಒಂದು ದಿನವೂ ಕುದಿಸಲಿಲ್ಲ. ನನ್ನ ಅಡುಗೆಮನೆಯಿಂದ ಫ್ಲಾಸ್ಕಿನಲ್ಲಿ ಹೋಗುತ್ತಿದ್ದದ್ದನ್ನು ಅದೇ ಔಷಧಿ ಎಂದು ನಂಬಿ ಅವನು ಏಳು ವಾರ ಕುಡಿದ. ಅದು ಬೇರೆ ಎಂದು ಹೇಳಬೇಕಾದ ದಿನ ಬಂದಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅವನು ಹೋಗಿ ಒಂದು ವರ್ಷವಾಯಿತು. ಬರ್ಮಿಂಗ್‌ಹ್ಯಾಮಿನ ಕನ್ನಡದವರು ಸೇರಿದಾಗೆಲ್ಲ ಅವನ ಮಾತು ಬರುತ್ತದೆ. ದೊಡ್ಡ ಡಾಕ್ಟರು, ಮೂವತ್ತು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ಫ್ಯಾಮಿಲಿ ಡಾಕ್ಟರಾಗಿದ್ದವರು, ಯಾರು ಫೋನ್ ಮಾಡಿದರೂ ಎತ್ತುತ್ತಿದ್ದರು ಎನ್ನುತ್ತಾರೆ. ಅದೆಲ್ಲ ನಿಜ. ನಾನು ಏಳನೇ ಕ್ಲಾಸು ಓದಿದವಳು. ಅವನ ಓದಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಅವನು ಇಡ್ಲಿ ತಿನ್ನುತ್ತಿದ್ದುದರ ಬಗ್ಗೆ ಬರೆಯಬಲ್ಲೆ.

ತಟ್ಟೆಗೆ ಇಡ್ಲಿ ಹಾಕಿದ ಕೂಡಲೇ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದ, ರೋಗಿಯ ಹೊಟ್ಟೆ ಒತ್ತಿದ ಹಾಗೆ. "ಇಲ್ಲಿ ನೋವಿದ್ಯಾ? ಇಲ್ಲಿ?" ಎಂದು ಇಡ್ಲಿಯನ್ನೇ ಕೇಳುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಗಟ್ಟಿ ಇದೆ ಕಣೇ, ಅಡ್ಮಿಟ್ ಮಾಡ್ಬೇಕು" ಎಂದು ನಾಲ್ಕನ್ನೂ ತಿಂದು ಮುಗಿಸುತ್ತಿದ್ದ. ಮಾತಾಡುವ ಮೊದಲು ಕನ್ನಡಕ ತೆಗೆದು ಟೈ ತುದಿಯಲ್ಲಿ ಒರೆಸುತ್ತಿದ್ದ. ಟೈ ಇಲ್ಲದ ಭಾನುವಾರಗಳಲ್ಲಿ ಕೈ ಎದೆಯ ಮೇಲೆ ಅದನ್ನು ಹುಡುಕುತ್ತಿತ್ತು.

ನಮ್ಮದು ತುಮಕೂರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಾಲೇಜು ಹುಡುಗರಿಗೆ ಊಟ ಹಾಕುತ್ತಿದ್ದಳು. ಅವಳಿಗೆ ಇನ್ನೆರಡು ಕೈ ಬೇಕಾಗಿದ್ದವು, ಹಾಗಾಗಿ ನನ್ನ ಶಾಲೆ ನಿಂತಿತು. ಅಣ್ಣನ ಓದು ಮುಂದುವರಿಯಿತು. ಅದಕ್ಕಾಗಿ ನನಗೆ ಆಗ ಹೊಟ್ಟೆಕಿಚ್ಚಿರಲಿಲ್ಲ. ಬಹಳ ವರ್ಷದ ನಂತರ ನನ್ನ ಗಂಡನಿಗೆ, ಅಣ್ಣ ಆಗಲೇ ಡಾಕ್ಟರಾಗಿ ನೆಲೆಸಿದ್ದ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿ ನಾವು ಅದೇ ಊರಿನ ಸೆಲ್ಲಿ ಓಕ್‌ಗೆ ಬಂದಾಗ, ಮೊದಲ ವಾರವೇ ಅಣ್ಣ ನನ್ನೊಬ್ಬಳನ್ನೇ ಬಸ್ಸು ಹತ್ತಿಸಿದ. "ಕೊನೇ ಸ್ಟಾಪಲ್ಲಿ ಇಳಿ, ಅಷ್ಟೆ" ಎಂದ. ನಾನು ಕಂಬಿ ಹಿಡಿದುಕೊಂಡು ದಾರಿಯುದ್ದಕ್ಕೂ ಅತ್ತೆ. ಇಳಿದು ನೋಡಿದರೆ ಬಸ್ಸಿನ ಹಿಂದೆಯೇ ಅವನ ಕಾರು.

"ಬಿಟ್ಟುಬಿಡ್ತೀನಿ ಅಂದ್ಕೊಂಡ್ಯಾ?" ಎಂದ.

"ಹಿಂದೆ ಬರ್ತೀನಿ ಅಂತ ಮೊದಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಕಲೀತಿರ್ಲಿಲ್ಲ."

ಅವನ ಪ್ರೀತಿ ಯಾವಾಗಲೂ ಹೀಗೇ. ಕೈ ಬಿಡುತ್ತಿರಲಿಲ್ಲ, ಆದರೆ ಏನನ್ನೂ ಹೇಳುತ್ತಿರಲಿಲ್ಲ. ನಮ್ಮ ಮನೆಗೆ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ಅವನೇ ಓದಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಏನದು ಎಂದರೆ, "ಕೌನ್ಸಿಲ್ ಟ್ಯಾಕ್ಸು. ನಿಂಗೆ ಅರ್ಥ ಆಗಲ್ಲ ಬಿಡು, ನಾನು ನೋಡ್ಕೋತೀನಿ." ಕೆಲಸ ಆಗುತ್ತಿತ್ತು. ನನಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ಔಷಧಿಯ ವಿಷಯದಲ್ಲಿ ಅವನದು ಒಂದೇ ಹಟ: ಬಾಯಿಗೆ ಹಾಕಿಕೊಳ್ಳುವ ಪ್ರತಿಯೊಂದೂ ಡಾಕ್ಟರಿಗೆ ಗೊತ್ತಿರಬೇಕು. ಒಂದು ಯುಗಾದಿಗೆ ಕನ್ನಡದವರೆಲ್ಲ ಶಾಲೆಯೊಂದರ ಸಭಾಂಗಣದಲ್ಲಿ ಊಟಕ್ಕೆ ಕೂತಿದ್ದೆವು. ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಒಬ್ಬ ಅಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಏನೋ ಕಹಿ ಪುಡಿ ಬಾಯಿಗೆ ಹಾಕಿಕೊಂಡರು. ಅಣ್ಣ ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದ.

"ಅಮ್ಮಾ, ಅದೇನು ಪುಡಿ?"

"ಔಷಧಿ ಅಲ್ಲಪ್ಪ, ಬೇರಿನ ಪುಡಿ."

"ತಾನು ಔಷಧಿ ಅಲ್ಲ ಅಂತ ಆ ಬೇರಿಗೆ ಗೊತ್ತಿದ್ಯಾ?"

ಸುತ್ತ ಇದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಅಜ್ಜಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ತಿನ್ಬೇಡಿ ಅನ್ನಲ್ಲಮ್ಮ. ಮುಚ್ಚಿಟ್ಟು ತಿನ್ಬೇಡಿ. ಮುಚ್ಚಿಟ್ರೆ ನಾವು ಕಣ್ಣು ಕಟ್ಕೊಂಡು ಮದ್ದು ಕೊಟ್ಟ ಹಾಗೆ" ಎಂದ. ಮನೆಯಲ್ಲಿ ನಾನು ಶೀತಕ್ಕೆ ಕಷಾಯ ಮಾಡಿದರೆ ಮಾತ್ರ ಅವನಿಗೆ ತಮಾಷೆ. ಅದಕ್ಕೆ ಮೆಣಸಿನ ಸಾರು ಎಂದು ಹೆಸರಿಟ್ಟಿದ್ದ. "ಅನ್ನ ಎಲ್ಲಿ, ಕಲಸ್ಕೊಳ್ಳಕ್ಕೆ?" ಎನ್ನುತ್ತಿದ್ದ.

ಅವನಿಗೆ ಕಾಯಿಲೆ ಬಂದದ್ದನ್ನೂ ಅವನು ನನಗೆ ಹೇಳಿದ್ದು ಆ ಇಂಗ್ಲಿಷ್ ಕಾಗದಗಳ ವಿಷಯ ಹೇಳುತ್ತಿದ್ದ ರೀತಿಯಲ್ಲೇ. ಕರುಳಿನಲ್ಲಿ ಗಡ್ಡೆ ಇತ್ತು, ಆಪರೇಷನ್ ಮಾಡಿ ತೆಗೆದರು, ಇನ್ನು ಕೀಮೋ ಕೊಡುತ್ತಾರೆ, ಅದು ಬರೀ ಮುಂಜಾಗ್ರತೆಗೆ ಎಂದ. ಕ್ಯಾನ್ಸರಾ ಎಂದು ನಾನು ಕೇಳಿದೆ. "ತೆಗೆದಾಯ್ತಲ್ಲ" ಎಂದ. ನಾನು ನಂಬಿದೆ. ಡಾಕ್ಟರು ಹೇಳಿದ್ದು, ಅಣ್ಣ ಹೇಳಿದ್ದು, ಎರಡೂ ಒಂದೇ ಬಾಯಿ.

ಕೀಮೋ ಶುರುವಾದ ಮೇಲೆ ಅವನ ಬೆರಳುಗಳು ಜೋಮು ಹಿಡಿದವು. ತಣ್ಣಗಿರುವುದನ್ನು ಮುಟ್ಟಿದರೆ ಸೂಜಿ ಚುಚ್ಚಿದಂತಾಗಿ, ಫ್ರಿಜ್ ತೆಗೆಯಲು ಉಣ್ಣೆಯ ಗ್ಲೌಸ್ ಹಾಕಿಕೊಳ್ಳುತ್ತಿದ್ದ. ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ. ಆಗಲೇ ಅವನು ಆ ಚೀನೀ ವೈದ್ಯೆಯ ಬಳಿಗೆ ಹೋದದ್ದು. ಆಕೆ ಅವನ ಹಳೆಯ ಪೇಷಂಟು. ಚೀನಾದಲ್ಲಿ ಕಲಿತು ಬಂದು ಊರೊಳಗೆ ಗಿಡಮೂಲಿಕೆಯ ಅಂಗಡಿ ಇಟ್ಟಿದ್ದ ಐವತ್ತು ದಾಟಿದ ಹೆಂಗಸು.

"ನೀನಾ? ಮೆಣಸಿನ ಸಾರು ಅಂತಿದ್ದೋನು?" ಎಂದು ಕೇಳಿದೆ.

"ಅವರ ದೇಶದಲ್ಲಿ ಒಂದೇ ಆಸ್ಪತ್ರೇಲಿ ಎರಡೂ ಕೊಡ್ತಾರೆ ಕಣೇ, ಕೀಮೋನೂ, ಇದೂ. ಇದರಿಂದ ಕ್ಯಾನ್ಸರ್ ಹೋಗತ್ತೆ ಅಂತ ನಾನು ನಂಬಲ್ಲ. ಅವಳೂ ಹಾಗೆ ಹೇಳಲ್ಲ. ಕೀಮೋ ತಡ್ಕೊಳ್ಳೋ ಶಕ್ತಿ ಬಂದ್ರೆ ಸಾಕು. ಬರತ್ತೆ ಅಂತ ಗಟ್ಟಿ ಪುರಾವೆ ಏನೂ ಇಲ್ಲ. ನೋಡೋಣ."

ಮೂಲಿಕೆಗಳ ಪಟ್ಟಿಯನ್ನು ಅವನು ಮೊದಲು ಆಸ್ಪತ್ರೆಗೆ ಒಯ್ದ. ಕ್ಯಾನ್ಸರ್ ಡಾಕ್ಟರಿಗೆ ಅದು ಅಷ್ಟು ಇಷ್ಟವಾಗಲಿಲ್ಲವಂತೆ. ಆದರೂ ಅಲ್ಲಿನ ಫಾರ್ಮಸಿಸ್ಟ್ ಒಂದೊಂದನ್ನೂ ನೋಡಿ ಎರಡನ್ನು ಹೊಡೆದುಹಾಕಿದಳು. ಉಳಿದದ್ದನ್ನು ತೆಗೆದುಕೊಂಡರೆ ಮೇಲಿಂದ ಮೇಲೆ ರಕ್ತಪರೀಕ್ಷೆ ಆಗಬೇಕು, ಪಟ್ಟಿಯಲ್ಲಿ ಇಲ್ಲದ ಏನನ್ನೂ ಮುಟ್ಟಬಾರದು ಎಂದಳು. ಚೀನೀ ವೈದ್ಯೆ ಆ ಎರಡನ್ನು ಬಿಟ್ಟು ಪೊಟ್ಟಣ ಕಟ್ಟಲು ಒಪ್ಪಿದಳು.

ಒಂದು ಸಲ ನನ್ನನ್ನೂ ಆಕೆಯ ಅಂಗಡಿಗೆ ಕರೆದುಕೊಂಡು ಹೋದ. ಆಕೆ ಅವನ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಕಣ್ಣು ಮುಚ್ಚಿ ಕೂತಳು, ನಮ್ಮ ತುಮಕೂರಿನ ಪಂಡಿತರು ಕೂರುತ್ತಿದ್ದ ಹಾಗೆಯೇ. ನಾಲಿಗೆ ಚಾಚಿಸಿ ಬಹಳ ಹೊತ್ತು ನೋಡಿದಳು. ಅಣ್ಣ ನನ್ನ ಕಡೆ ವಾಲಿ, "ಮೂವತ್ತು ವರ್ಷದಿಂದ ಜನರ ನಾಲಿಗೆ ನೋಡಿದೀನಿ, ಇಷ್ಟು ಹೊತ್ತು ಯಾರದ್ದೂ ನೋಡಿಲ್ಲ. ಪಾಪ ಅವರೆಲ್ಲ" ಎಂದ. ಕುದಿಸುವ ಕ್ರಮವನ್ನು ಆಕೆ ನನಗೇ ಹೇಳಿದಳು, ಅಣ್ಣ ಕನ್ನಡದಲ್ಲಿ ತಿಳಿಸಿದ. ಅರ್ಧ ಗಂಟೆ ನೆನೆಸಬೇಕು, ಮಣ್ಣಿನ ಪಾತ್ರೆಯಲ್ಲಿ ಎರಡು ಸಲ ಕುದಿಸಬೇಕು, ಎರಡೂ ನೀರನ್ನು ಬೆರೆಸಿ ಸೋಸಬೇಕು. ಸೋಲಿಹಲ್‌ನ ಅವನ ಮನೆಯಲ್ಲಿ ಕುದಿಸಿದರೆ ಆ ವಾಸನೆಗೆ ಅವನಿಗೇ ವಾಂತಿ ಬರುವ ಹಾಗಿತ್ತು. ಅತ್ತಿಗೆ ಶಾಲೆಯಲ್ಲಿ ಟೀಚರ್, ಅವರಿಗೆ ಪುರುಸೊತ್ತೂ ಇರಲಿಲ್ಲ. "ಇವಳು ಮಾಡ್ತಾಳೆ. ಇವಳ ಕೈ ತಪ್ಪಲ್ಲ" ಎಂದು ಅಣ್ಣ ವೈದ್ಯೆಗೆ ಹೇಳಿದ. ಇಂಗ್ಲಿಷಿನಲ್ಲಿ ಹೇಳಿದ್ದರೂ ನನಗೆ ಅರ್ಥವಾಯಿತು.

ಮನೆಗೆ ಬಂದು ಮೊದಲ ಪೊಟ್ಟಣವನ್ನು ಮೊರಕ್ಕೆ ಸುರುವಿದೆ. ತೊಗಟೆ, ಒಣಗಿದ ಎಲೆ, ಬಿಳಿಯ ಚಕ್ಕೆಗಳು. ಅವುಗಳ ನಡುವೆ ಕಂದು ಬಣ್ಣದ, ಮೈಯೆಲ್ಲ ಉಂಗುರ ಉಂಗುರವಾಗಿ ಸುಕ್ಕುಗಟ್ಟಿದ, ಕಿರುಬೆರಳಿನಷ್ಟು ಉದ್ದದ ಏನೋ ಎಂಟು ಹತ್ತು ಇದ್ದವು. ಒಣಗಿದ ಹುಳ. ನನಗೆ ಸಂಶಯವೇ ಬರಲಿಲ್ಲ. ಚೀನಾದವರು ಹುಳವನ್ನೂ ಔಷಧಿಗೆ ಹಾಕುತ್ತಾರೆ ಎಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಅಡುಗೆಮನೆ ನನ್ನದು. ದೇವರ ಗೂಡು ಅಲ್ಲೇ ಒಲೆಯ ಪಕ್ಕ. ಪೊಟ್ಟಣದ ಮೇಲೆ ಬರೆದದ್ದನ್ನು ಓದಲು ನನಗೆ ಬರುತ್ತಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಕೇಳಬಹುದಿತ್ತು. ನಿಂಗೆ ಅರ್ಥ ಆಗಲ್ಲ ಬಿಡು ಎನ್ನುತ್ತಾನೆ, ಕುದಿಸು ಎನ್ನುತ್ತಾನೆ. ನಾನು ಕೇಳಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ.

ಅತ್ತೆ ಊರಿನಿಂದ ಕಳಿಸಿದ್ದ ಒಣಗಿದ ಅಮೃತಬಳ್ಳಿ, ನೆಲಬೇವು ಮನೆಯಲ್ಲಿದ್ದವು. ಅವನ್ನು ಜೀರಿಗೆ, ಶುಂಠಿ, ಜ್ಯೇಷ್ಠಮಧುವಿನ ಜೊತೆ ಆ ಹೊಸ ಮಣ್ಣಿನ ಪಾತ್ರೆಯಲ್ಲಿ ಎರಡು ಸಲ ಕುದಿಸಿ, ಸೋಸಿ, ಫ್ಲಾಸ್ಕಿಗೆ ತುಂಬಿದೆ. ಕಪ್ಪಗೆ ಕಹಿಯಾಗಿತ್ತು, ಚೀನೀ ಔಷಧಿಯ ರುಚಿಯನ್ನೇ ಕಾಣದ ಅಣ್ಣನಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಕಷಾಯದಿಂದ ಯಾರಿಗೆ ಏನು ಕೆಡುಕಾದೀತು ಎಂದುಕೊಂಡೆ. ಒಳ್ಳೆಯದೇ ಆದೀತು ಎಂದುಕೊಂಡೆ. ಪೊಟ್ಟಣಗಳನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಚೀಲಕ್ಕೆ ತುಂಬುತ್ತಾ ಹೋದೆ. ದಿನ ಬಿಟ್ಟು ದಿನ ರೈಲು ಹತ್ತಿ, ನ್ಯೂ ಸ್ಟ್ರೀಟ್‌ನಲ್ಲಿ ಇಳಿದು, ಅಲ್ಲಿಂದ ಅವನ ಮನೆಗೆ ಫ್ಲಾಸ್ಕು ಮುಟ್ಟಿಸುತ್ತಿದ್ದೆ.

ಎರಡನೇ ವಾರ ಅವನೇ ಬಾಗಿಲು ತೆಗೆದು, "ನಿನ್ನೆ ಎರಡು ಸಲ ಅನ್ನ ತಿಂದೆ ಕಣೇ!" ಎಂದ. ಗ್ಲೌಸ್ ಹಾಕಿದ ಕೈಯಲ್ಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಯಾವ ದಿನ ಎಷ್ಟು ಕುಡಿದೆ, ಹಸಿವು ಹೇಗಿತ್ತು, ಬೆರಳು ಹೇಗಿತ್ತು, ಎಲ್ಲವೂ ಆಸ್ಪತ್ರೆಯವರಿಗೆ ತೋರಿಸಲು. "ನೋಡು, ಚೀನಾದವಳು ಗೆದ್ಲು. ನಾನು ಸೋತೆ" ಎಂದು ನಕ್ಕ.

ಆ ದಿನ ನನಗಾದ ಸಂತೋಷವನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನನ್ನ ತಪ್ಪಿನ ಬೇರು ಅಲ್ಲಿದೆ. ಹುಳದ ಅಸಹ್ಯ ಮೊದಲ ದಿನದ್ದು. ಆಮೇಲೆ ನನ್ನನ್ನು ನಡೆಸಿದ್ದು ಬೇರೆ. ಗೆದ್ದದ್ದು ಚೀನಾದವಳಲ್ಲ ಕಣಣ್ಣ, ನಿನ್ನ ಮೆಣಸಿನ ಸಾರು ಎಂದು ನಾನು ಒಳಗೊಳಗೇ ಬೀಗಿದೆ. ನನಗೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದವನಿಗೆ ಅರ್ಥವಾಗದ್ದೊಂದು ನನ್ನ ಬಳಿ ಇತ್ತು. ಅದರ ರುಚಿ ಹತ್ತಿತ್ತು.

ಏಳನೇ ವಾರದ ರಕ್ತಪರೀಕ್ಷೆಯಲ್ಲಿ ಲಿವರಿನ ಲೆಕ್ಕ ಒಮ್ಮೆಲೇ ಏರಿತ್ತು. ಆಸ್ಪತ್ರೆಯವರು ಕೀಮೋ ನಿಲ್ಲಿಸಿದರು. ಮೂಲಿಕೆಯನ್ನೂ ನಿಲ್ಲಿಸಿದರು. ಪಟ್ಟಿಯಲ್ಲಿ ಇಲ್ಲದ್ದು ಏನಾದರೂ ಹೊಟ್ಟೆಗೆ ಹೋಗಿದೆಯೇ ಎಂದು ಕೇಳಿದರು. ಇಲ್ಲ ಎಂದು ಅಣ್ಣ ಎದೆ ತಟ್ಟಿ ಹೇಳಿದನಂತೆ. ಅಲ್ಲಿಂದ ನನ್ನ ಮನೆಗೆ ಬಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡು ಸೀದಾ ಚೀನೀ ವೈದ್ಯೆಯ ಅಂಗಡಿಗೆ ಹೋದ.

ಅಣ್ಣ ಹೊರಗಿನವರ ಮೇಲೆ ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೀನು ಏನೋ ಬೆರೆಸಿದ್ದೀಯ, ನಾನು ನಿನ್ನನ್ನು ನಂಬಿದ್ದೆ ಎಂದ. ಆಕೆ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, "ನೋ ಡಾಕ್ಟರ್, ಓನ್ಲಿ ದ ಲಿಸ್ಟ್, ಓನ್ಲಿ ದ ಲಿಸ್ಟ್" ಎನ್ನುತ್ತಿದ್ದಳು. ನನ್ನ ಕಡೆ ತಿರುಗಿ, ನೀನು ಸರಿಯಾಗಿ ಕುದಿಸಿದೆಯಲ್ಲವಾ ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅಣ್ಣ, "ಅವಳನ್ನ ಇದಕ್ಕೆ ಎಳೀಬೇಡ. ಅವಳು ನನ್ನ ತಂಗಿ" ಎಂದ.

ನಾನು ನೆಲ ನೋಡಿದೆ.

ಕಾರಿನಲ್ಲಿ, "ನಂಬಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದ್ಲು" ಎಂದ. ಆಗಲೂ ನಾನು ಹೇಳಲಿಲ್ಲ. ಹೇಗೂ ಗಡ್ಡೆ ತೆಗೆದಾಗಿದೆ, ಉಳಿದದ್ದು ಮುಂಜಾಗ್ರತೆ ತಾನೇ, ನಾಲ್ಕು ದಿನ ನಿಂತರೆ ಏನಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣ ನನಗೆ ಹೇಳಿದ್ದ ಸುಳ್ಳು ನನ್ನ ಸುಳ್ಳಿಗೆ ಆಸರೆಯಾಯಿತು.

ಎರಡು ದಿನದ ಮೇಲೆ ಅತ್ತಿಗೆಗೆ ಫೋನ್ ಮಾಡಿದಾಗ ಅವರು ಅಳುತ್ತಿದ್ದರು. "ಕೀಮೋ ಇಲ್ದೆ ಒಂದೊಂದು ವಾರವೂ ಭಯ ಆಗತ್ತಮ್ಮ. ಮೊದಲೇ ಲಿವರಿಗೆ ಹರಡಿದೆ."

"ಯಾವಾಗ ಹರಡ್ತು ಅತ್ತಿಗೆ?"

"ಮೊದಲ್ನೇ ದಿನದಿಂದ್ಲೇ. ನಿಂಗೆ ಹೇಳಿಲ್ವಾ ಅವರು?"

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಊರಿಗೆಲ್ಲ ಮುಚ್ಚಿಡಬೇಡಿ ಎಂದವನು ನನಗೆ ಮುಚ್ಚಿಟ್ಟಿದ್ದ. ನನ್ನ ಕೈಯಿಂದ ಮದ್ದು ಮಾಡಿಸಿಕೊಂಡ. ಯಾವ ರೋಗಕ್ಕೆ ಮದ್ದು ಎಂದು ಹೇಳಲಿಲ್ಲ. ಎರಡು ದಿನ ಆ ಸಿಟ್ಟನ್ನು ಹೊದ್ದುಕೊಂಡು ಕೂತೆ. ಅದು ಬೆಚ್ಚಗಿತ್ತು.

ಮೂರನೇ ದಿನ ಅವನೇ ಬಂದ. ಉಳಿದ ಪೊಟ್ಟಣ ಒಂದಾದರೂ ಇದ್ದರೆ ಕೊಡು, ಪರೀಕ್ಷೆ ಮಾಡಿಸಿ ಆ ಹೆಂಗಸಿನ ಮೋಸ ಬಯಲು ಮಾಡುತ್ತೇನೆ ಎಂದ. ನಾನು ಇಲ್ಲ ಎಂದೆ. ಕೋಟು ಸಿಕ್ಕಿಸಲು ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲನ್ನು ಅವನೇ ತೆಗೆದ. ಚೀಲ ಬಾಯಿ ತೆರೆದುಕೊಂಡು ಅಲ್ಲೇ ಇತ್ತು.

ಅವನು ಮೊಣಕಾಲೂರಿ ಪೊಟ್ಟಣಗಳನ್ನು ಒಂದೊಂದಾಗಿ ಹೊರಗಿಟ್ಟ. ಮೊದಲನೆಯದೊಂದನ್ನು ಬಿಟ್ಟು ಎಲ್ಲವೂ ಕಟ್ಟಿದ ಹಾಗೇ ಇದ್ದವು.

"ಏನಿದು?"

"ಅದ್ರಲ್ಲಿ ಹುಳ ಇತ್ತಣ್ಣ."

ಬಿಚ್ಚಿದ್ದ ಪೊಟ್ಟಣದಿಂದ ಆ ಕಂದು ತುಂಡೊಂದನ್ನು ತೆಗೆದು ಜೋಮು ಹಿಡಿದ ಬೆರಳುಗಳಲ್ಲಿ ಮುರಿದ. ಒಳಗೆ ಬಿಳಿಯ ನಾರು. ಬಾಯಿಗೆ ಹಾಕಿಕೊಂಡು ಅಗಿದ. "ಬೇರು" ಎಂದ. "ಅಮ್ಮ ಶತಾವರಿ ಒಣಗಿಸ್ತಿರ್ಲಿಲ್ವಾ? ಅಂಥದ್ದೇ ಬೇರು."

ಉಳಿದ ತುಂಡನ್ನು ಪೊಟ್ಟಣಕ್ಕೆ ಹಾಕಿ, "ನಾನು ಕುಡಿದದ್ದೇನು?" ಎಂದ.

ನಾನು ಒಂದೊಂದೇ ಹೆಸರು ಹೇಳಿದೆ. ಅವನು ಅಲ್ಲೇ ನೆಲದ ಮೇಲೆ ಕೂತು ಆಸ್ಪತ್ರೆಗೆ ಫೋನ್ ಮಾಡಿ ಅಮೃತಬಳ್ಳಿಯ ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಿದ. ಎರಡನೆಯ ಫೋನ್ ಚೀನೀ ವೈದ್ಯೆಗೆ. ನನ್ನ ಹೆಸರು ತೆಗೆಯದೆ, ತಪ್ಪು ನಮ್ಮ ಮನೆಯದು, ನಿನ್ನನ್ನು ಕಳ್ಳಿ ಮಾಡಿದೆ, ನನ್ನನ್ನು ಕ್ಷಮಿಸು ಎಂದ. ಅಣ್ಣನಿಗೆ ಅಷ್ಟು ಮಾತಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಕಾಯಿಲೆ ನಂಗೆ ಮೋಸ ಮಾಡ್ತು ಅಂತ ಒಂದು ದಿನವೂ ಅನ್ನಿಸಿರ್ಲಿಲ್ಲ. ಅದು ಕಾಯಿಲೆ, ಅದರ ಕೆಲಸ ಅದು ಮಾಡತ್ತೆ" ಎಂದ ಎದ್ದು ನಿಂತು. "ಅವಳ ಮುಂದೆ ನಿನ್ನ ಪರ ಮಾತಾಡಿದ್ನಲ್ಲ, ಆಗ ಏನನ್ನಿಸ್ತು ನಿಂಗೆ?"

"ನೀನು ಮಾತ್ರ ನಿಜ ಹೇಳಿದ್ಯಾ? ಲಿವರಿಗೆ ಹರಡಿದೆ ಅಂತ ಹೇಳಿದ್ಯಾ ನಂಗೆ?"

"ಇಲ್ಲ" ಎಂದ. "ಹೇಳ್ಲಿಲ್ಲ." ಕೋಟಿನ ಗುಂಡಿ ಹಾಕಲು ನೋಡಿದ. ಆಗಲಿಲ್ಲ. ನಾನು ಕೈ ಚಾಚಿದೆ. ಅವನು ಹಿಂದಕ್ಕೆ ಸರಿದು ಹಾಗೇ ಹೊರಟುಹೋದ.

ಲಿವರು ಕೆಟ್ಟದ್ದು ನನ್ನ ಕಷಾಯದಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅಮೃತಬಳ್ಳಿಯಿಂದ ಕೆಲವರಿಗೆ ಹಾಗಾಗುವುದುಂಟು, ಕೀಮೋದಿಂದಲೂ ಆಗುತ್ತದೆ, ರೋಗದಿಂದಲೂ ಆಗುತ್ತದೆ ಎಂದರು. ಕೀಮೋ ಮತ್ತೆ ಶುರುವಾಗಲು ನಾಲ್ಕು ವಾರ ಹಿಡಿಯಿತು. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆಗಳು ಬೆಳೆದಿದ್ದವು. ಆ ನಾಲ್ಕು ವಾರವೂ ಕೀಮೋ ನಡೆದಿದ್ದರೆ ಎಂದು ನಾನು ಯಾರನ್ನೂ ಕೇಳಿಲ್ಲ. ಕೊನೆಗೆ ಕೀಮೋ ಬಿಟ್ಟರು. ಚೀನೀ ವೈದ್ಯೆ ಆಸ್ಪತ್ರೆಯವರನ್ನು ಕೇಳಿ, ಹಸಿವಿಗೆಂದು ಎರಡೇ ಮೂಲಿಕೆಯ ನೀರನ್ನು ತಾನೇ ಕುದಿಸಿ ತಂದುಕೊಡುತ್ತಿದ್ದಳು. ಅದನ್ನು ಅವನು ಕುಡಿಯುತ್ತಿದ್ದ.

ನನ್ನ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಬೈಯಲೂ ಇಲ್ಲ. ನಾನು ಹೋದರೆ, "ಬಾಮ್ಮ, ಕೂತ್ಕೊ. ಟ್ರೈನ್ ಸರಿಯಾಗಿ ಸಿಕ್ತಾ?" ಎನ್ನುತ್ತಿದ್ದ, ಕ್ಲಿನಿಕ್ಕಿಗೆ ಬಂದ ಪೇಷಂಟಿನ ಹತ್ತಿರ ಮಾತಾಡುವ ದನಿಯಲ್ಲಿ. ಕಣೇ ಎನ್ನುವುದನ್ನು ಬಿಟ್ಟಿದ್ದ.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಲ್ಲಿ ಹೇಳುವ ರೂಢಿ ಇಲ್ಲ. ಅಮ್ಮ ನಮಗೆ ಹೊಡೆದ ದಿನ ಸಂಜೆ ಸಿಹಿ ಮಾಡುತ್ತಿದ್ದಳು. ಜಗಳವಾದರೆ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ನನಗೂ ಬರುವುದು ಅದೊಂದೇ ಭಾಷೆ. ಶಾವಿಗೆ ಪಾಯಸ ಒಯ್ದೆ, ಒತ್ತು ಶಾವಿಗೆ ಒಯ್ದೆ, ಮೆತ್ತಗಿನ ಇಡ್ಲಿ ಒಯ್ದೆ. ಡಬ್ಬಿಗಳು ತುಂಬಿದ ಹಾಗೇ ವಾಪಸು ಬಂದವು. ಅವನು ನಂಬಿಕೆ ಕಳೆದುಕೊಂಡಿದ್ದು ನನ್ನ ಅಡುಗೆಯಲ್ಲೇ. ಕ್ಷಮೆಯನ್ನೂ ಡಬ್ಬಿಯಲ್ಲೇ ಕಳಿಸುತ್ತಿದ್ದೆ. ಇದು ಹೊಳೆಯಲು ನನಗೆ ಅಷ್ಟು ದಿನ ಬೇಕಾಯಿತು. ಬಾಯಿಬಿಟ್ಟು ಹೇಳಲು ಎರಡು ಸಲ ಹೊರಟೆ. ಎರಡು ಸಲವೂ "ನೀನೂ ನನಗೆ ಹೇಳಲಿಲ್ಲ" ಎಂಬ ಮಾತೇ ಮೊದಲು ಬಂತು. ಅವನು ಕಣ್ಣು ಮುಚ್ಚಿಕೊಂಡ.

ಚೀನೀ ವೈದ್ಯೆಯ ಅಂಗಡಿಗೆ ಹೋಗಿ ಸಾರಿ ಎಂದೆ. ಬಸ್ಸಿನಲ್ಲಿ ಮೈ ತಾಗಿದರೂ ಹೇಳುವ ಮಾತು, ಸುಲಭವಾಗಿ ಬಂತು. ಆಕೆ ತಲೆಯಾಡಿಸಿ, ನನಗೆ ಹೇಳಿದ್ದು ಸಾಕು, ಅವರಿಗೆ ಹೇಳು ಎಂದಳು.

ಮುಂದಿನ ಶನಿವಾರ ಮಧ್ಯಾಹ್ನ ಬರಿಗೈಯಲ್ಲಿ ಹೋದೆ. ಮನೆಯ ಮುಂಬದಿಯ ಕೋಣೆಯಲ್ಲಿ ಕಿಟಕಿಯ ಹತ್ತಿರ ಅವನ ಮಂಚ ಹಾಕಿದ್ದರು. ಅತ್ತಿಗೆ ಎದ್ದು ಒಳಗೆ ಹೋದರು. ಅಣ್ಣ ಎಚ್ಚರವಾಗಿದ್ದ. ನನ್ನ ಕೈಯಲ್ಲಿ ಡಬ್ಬಿ ಇದೆಯೇ ಎಂದು ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಕೂರಲಿಲ್ಲ. ನಿಂತೇ ಹೇಳಿದೆ.

"ಅಣ್ಣ, ನೀನು ಕೊಟ್ಟಿದ್ದನ್ನ ನಾನು ಕುದಿಸ್ಲಿಲ್ಲ. ಹುಳ ಅಂತ ಅಸಹ್ಯಪಟ್ಟಿದ್ದು ಮೊದಲ್ನೇ ದಿನ ಮಾತ್ರ. ಆಮೇಲೆ ನಿನ್ನನ್ನ ಗೆಲ್ಲಬೇಕು ಅಂತಲೇ ನಂದನ್ನ ಕುಡಿಸಿದೆ. ಆ ಅಂಗಡೀಲಿ ನೀನು, ಅವಳು ನನ್ನ ತಂಗಿ ಅಂದಾಗ ಸುಮ್ನೆ ನಿಂತೆ. ನೀನು ನಂಗೆ ಏನು ಹೇಳಿದ್ದೆ, ಏನು ಹೇಳಿರ್ಲಿಲ್ಲ, ಅದೆಲ್ಲ ಬೇರೆ. ಇದು ನನ್ನ ತಪ್ಪು. ನನ್ನೊಬ್ಬಳದೇ. ಕ್ಷಮಿಸಣ್ಣ."